ನಡುವೆ ದುಭಾಷಿ ಬೇಡ

ಹಡಗು,
ಫೆಬ್ರವರಿ 9

ಅಕ್ಕ,

ಈ ಬಂದರಿನಲ್ಲಿ ಸರಕು ಇಳಿಸುವ ಕ್ರೇನ್ ಕೆಟ್ಟು ಕೂತಿದೆ. ಹಾಗಾಗಿ ನಮಗೆ ಕೆಲವು ದಿನ ನೆಲದ ಭಾಗ್ಯ. ನೆಟ್ ಕೂಡ ಚೆನ್ನಾಗಿದೆ. ಎಷ್ಟು ಸಲ ವಿಡಿಯೊ ಕರೆ ಮಾಡಿದರೂ ನೀನು ಎತ್ತಲಿಲ್ಲ. ಆಮೇಲೆ ಬಂದ ಮೆಸೇಜ್ ಇಷ್ಟೇ: 'ಕ್ಯಾಮೆರಾ ಕೆಟ್ಟಿದೆ. ಕಾಗದ ಬರಿ.' ಸ್ಟಾಂಪ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದಕ್ಕೆ ಹಡಗಿನವರೆಲ್ಲ ಯಾವಳೋ ಇವನಿಗೆ ಗಂಟುಬಿದ್ದಿದ್ದಾಳೆ ಅಂದುಕೊಂಡರು. ಅಕ್ಕನಿಗೆ ಅಂದರೆ ಒಬ್ಬನೂ ನಂಬಲಿಲ್ಲ.

ನಿಮ್ಮ ಲಾಂಡ್ರಿಯ ಮೇಲ್ವಿಚಾರಕರು ಫೋನ್ ಮಾಡಿದ್ದರು. ನಿನ್ನ ಕಡೆಯವರು ಅಂತ ಅಲ್ಲಿ ಬರೆಸಿರುವುದು ನನ್ನ ನಂಬರನ್ನೇ ತಾನೆ. "ಎಲ್ರೂ ಕೂಗಿದ್ವಿ, ಅವರಿಗೆ ಕೇಳಿಸ್ಲೇ ಇಲ್ಲ, ಪಾಪ. ಬೆರಳಿಗೆ ಪೆಟ್ಟಾಗಿದೆ. ಆಸ್ಪತ್ರೆಯವರೇ ನೋಡ್ಕೊಂಡಿದ್ದಾರೆ, ನೀವೇನೂ ಯೋಚ್ನೆ ಮಾಡ್ಬೇಡಿ" ಅಂದರು. ಸಂಭಾವಿತರ ಹಾಗೆ ಕಂಡರು.

ನನಗೆ ಮೊದಲಿಂದಲೂ ಅನ್ನಿಸುತ್ತಿತ್ತು, ಆ ಇಸ್ತ್ರಿ ರೋಲರ್ ಹತ್ತಿರ ನಿನ್ನನ್ನು ನಿಲ್ಲಿಸಬಾರದಿತ್ತು. ಒಂದಿಷ್ಟಾದರೂ ಕೇಳಿಸಿದ್ದರೆ ನೀನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಹೋಗಲಿ, ಆದದ್ದು ಆಯಿತು. ಅವರ ಜೊತೆ ಏನು ಮಾತಾಡಬೇಕೋ ನಾನು ಮಾತಾಡುತ್ತೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಗಾಯ ಒಣಗಿತಾ? ಬರಿ.

ತಮ್ಮ


ಹಡಗು,
ಮಾರ್ಚ್ 22

ಅಕ್ಕ,

ನನ್ನ ಕಾಗದ ತಲುಪಿಲ್ಲವೋ, ನಿನಗೆ ಉತ್ತರ ಬರೆಯುವ ಮನಸ್ಸಿಲ್ಲವೋ ತಿಳಿಯುತ್ತಿಲ್ಲ. ನಾನು ಹಡಗು ಹತ್ತಿದ್ದಕ್ಕೆ ನಿನಗೆ ಇನ್ನೂ ಕೋಪ ಇದೆ ಎಂದು ಕಾಣುತ್ತದೆ. ಅಮ್ಮ ಹೋಗಿ ವರ್ಷ ತುಂಬುವ ಮೊದಲೇ ಹೊರಟೆ, ಒಪ್ಪುತ್ತೇನೆ. ಆದರೆ ಎಲೆಕ್ಟ್ರಿಷಿಯನ್‌ಗೆ ಇಂಥ ಕೆಲಸ ಕರೆದು ಕೊಡುವವರು ಯಾರಿದ್ದಾರೆ?

ನಿನ್ನ ಮೇಲಿನ ಮನೆಯ ಟೀಚರ್ ನನಗೆ ಬರೆದಿದ್ದರು. ನೀನು ಕೆಲಸಕ್ಕೆ ಹೋಗುತ್ತಿಲ್ಲವಂತೆ. ಬೆಳಗ್ಗೆ ಸಂಜೆ ಎನ್ನದೆ ಮನೆಯ ದೀಪಗಳೆಲ್ಲ ಉರಿಯುತ್ತಲೇ ಇರುತ್ತವಂತೆ. ಅವರು ತರಕಾರಿ ಕೊಡಲು ಒಳಗೆ ಬಂದು ಬೆನ್ನ ಮೇಲೆ ಕೈ ಇಟ್ಟರೆ ನೀನು ಕುರ್ಚಿಯನ್ನೇ ಕೆಡವಿಕೊಂಡು ಎದ್ದೆಯಂತೆ. ಈಗ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತೀಯಂತೆ. ಅವರು ಚಾಡಿ ಹೇಳಿದರು ಅಂದುಕೊಳ್ಳಬೇಡ.

ನಮ್ಮ ಹಡಗಿನ ಅಡುಗೆಯವನು ಹಿಂದೊಮ್ಮೆ ಬೆಂಕಿಯಲ್ಲಿ ಸಿಕ್ಕಿ ಬದುಕಿದವನು. ಪ್ರತಿ ಬಂದರಿನಲ್ಲೂ ಅವನು ಫೋನ್ ಹಿಡಿದು ಮೂಲೆ ಸೇರುತ್ತಾನೆ. ಹೆಂಡತಿಯ ಜೊತೆ ಮಾತು ಅಂದುಕೊಂಡಿದ್ದೆ, ಅಲ್ಲ. ಕೌನ್ಸೆಲರ್ ಜೊತೆಯಂತೆ. "ಆಘಾತ ಆದೋರನ್ನ ನೋಡೋದಕ್ಕೇ ಕಲಿತಿರ್ತಾರೆ. ಸುಮ್ನೆ ಧೈರ್ಯ ಹೇಳೋರಲ್ಲ" ಎಂದ. ಅವನು ಹೇಳಿದ ಆ್ಯಪ್‌ನ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ನೋಡು. ಮನೆಯಿಂದ ಹೊರಗೆ ಕಾಲಿಡಬೇಕಿಲ್ಲ.

ತಮ್ಮ


ಮನೆ,
ಏಪ್ರಿಲ್ 10

ಗಿಣಿ,

ಎರಡೂ ಕಾಗದ ಬಂದವು. ಟೈಪ್ ಮಾಡಿ ಕಳಿಸುತ್ತಿದ್ದೇನೆ ಎಂದು ಬೇಸರ ಮಾಡಿಕೊಳ್ಳಬೇಡ, ನನ್ನ ಅಕ್ಷರ ಈಗ ನೋಡುವ ಹಾಗಿಲ್ಲ. ಮೆಸೇಜ್ ಬಿಟ್ಟು ಕಾಗದ ಯಾಕೆ ಎಂದರೆ, ಮೆಸೇಜ್‌ನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನಿನ್ನ ಉತ್ತರ ಬಂದಿರುತ್ತದೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ.

ಮೊದಲು ಒಂದು ವಿಷಯ. ನಮ್ಮ ಲಾಂಡ್ರಿಗೆ ನೀನು ಬಂದಿಲ್ಲ. ಇಡೀ ಆಸ್ಪತ್ರೆಯ ಹಾಸಿಗೆ ಬಟ್ಟೆ ಅಲ್ಲಿ ಒಗೆದು ಒಣಗುತ್ತದೆ. ಯಂತ್ರಗಳ ಸದ್ದಿಗೆ ಅಲ್ಲಿ ಕಿವಿ ಇದ್ದವರಿಗೂ ಏನೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ, ಕಲಿಸಿದವಳು ನಾನು. ಯಾರು ಯಾರಿಗೆ ಕೂಗಿದರು? ಹಾಸಿಗೆ ಬಟ್ಟೆಯನ್ನು ಒಳಕ್ಕೆಳೆದು ಇಸ್ತ್ರಿ ಮಾಡುವ ಆ ಕಾದ ರೋಲರ್ ಮುಂದೆ ಒಂದು ತಡೆಪಟ್ಟಿ ಇದೆ. ಬೆರಳು ತಾಗಿದರೆ ಯಂತ್ರ ನಿಲ್ಲಬೇಕು. ಬಟ್ಟೆ ತಾಗಿದರೂ ನಿಲ್ಲುತ್ತದೆ, ಕೆಲಸ ತಡವಾಗುತ್ತದೆ ಎಂದು ಅದನ್ನು ಹಳೆಯ ಹಾಸಿಗೆ ಬಟ್ಟೆಯ ಚೂರಿನಿಂದ ಮೇಲಕ್ಕೆ ಕಟ್ಟಿಹಾಕಿದ್ದರು. ಇಷ್ಟೇ ಆದದ್ದು. ನನ್ನ ಕಿವಿಗೂ ಇದಕ್ಕೂ ಸಂಬಂಧವಿಲ್ಲ. 'ಒಂದಿಷ್ಟಾದರೂ ಕೇಳಿಸಿದ್ದರೆ' ಎಂದು ನೀನು ಬರೆದದ್ದನ್ನು ಓದಿ ಕಾಗದವನ್ನು ಡ್ರಾಯರ್‌ಗೆ ಹಾಕಿದೆ. ಉತ್ತರ ತಡವಾದದ್ದು ಅದಕ್ಕೆ, ಹಡಗಿನ ಕೋಪಕ್ಕಲ್ಲ.

ಆ್ಯಪ್ ನೋಡಿದೆ. 'ಎಲ್ಲರಿಗೂ ಸ್ವಾಗತ' ಎಂದು ದೊಡ್ಡದಾಗಿ ಬರೆದಿದೆ. ಹೆಸರು ನೋಂದಾಯಿಸಿದ ಮೇಲೆ 'ನಮ್ಮ ಪ್ರತಿನಿಧಿ ನಿಮಗೆ ಕರೆ ಮಾಡುತ್ತಾರೆ' ಎಂದಿತು. ನನಗೆ ಕಿವಿ ಕೇಳುವುದಿಲ್ಲ, ಬರೆದು ಕೇಳಿ ಎಂದೆ. 'ಚಿಂತಿಸಬೇಡಿ, ನಿಮ್ಮ ತೊಂದರೆಯನ್ನು ಕರೆಯಲ್ಲೇ ನಮ್ಮ ಪ್ರತಿನಿಧಿಗೆ ವಿವರಿಸಿ' ಎಂದು ಉತ್ತರ ಬಂತು. ಆಮೇಲೆ ನಿಜವಾಗಿಯೂ ಕರೆ ಮಾಡಿದರು. ಫೋನ್ ಮೇಜಿನ ಮೇಲೆ ನಡುಗುತ್ತಾ ಅಂಚಿನವರೆಗೂ ಹೋಯಿತು. ನಾನು ನೋಡುತ್ತಾ ಕೂತೆ.

ಇನ್ನೊಂದು ಕಡೆ ಒಬ್ಬ ಹಿರಿಯ ವೈದ್ಯರು ಸಿಕ್ಕರು. ಮಾತು ಅಕ್ಷರವಾಗಿ ಪರದೆಯ ಕೆಳಗೆ ಬರುತ್ತದೆ, ತೊಂದರೆ ಇಲ್ಲ ಎಂದಿದ್ದರು. ಕಿವುಡಿ ಎಂದು ಗೊತ್ತಿದ್ದರಿಂದ ಜೋರಾಗಿ ಹೇಳಲೆಂದು ಕ್ಯಾಮೆರಾ ಹತ್ತಿರ ಬಂದರು. ನನಗೆ ಕಂಡದ್ದು ಮೂಗಿನ ಹೊಳ್ಳೆ ಎರಡು. ಕೆಳಗೆ 'ನಿಮ್ಮ ನೋವು ಎಷ್ಟು ದಿನದಿಂದ' ಎನ್ನುವ ಬದಲು 'ನಿಮ್ಮ ನಾಯಿ ಎಷ್ಟು ದಿನದಿಂದ' ಎಂದು ಬಂತು. ನಾಯಿ ಸಾಕಿಲ್ಲ ಎಂದು ಟೈಪ್ ಮಾಡಿದೆ. ಅವರು ಅದನ್ನೂ ಬರೆದುಕೊಂಡರು.

ಆಮೇಲೆ ಆ ದಿನ ನಡೆದದ್ದನ್ನೆಲ್ಲ ಮೊದಲಿಂದ ಹೇಳಿ ಎಂದರು. ಕೂತು ಹತ್ತು ನಿಮಿಷವೂ ಆಗಿರಲಿಲ್ಲ. ನಾನು ಟೈಪ್ ಮಾಡುವುದನ್ನು ಅರ್ಧಕ್ಕೇ ನಿಲ್ಲಿಸಿದೆ. ಅದನ್ನು ನೋಡಿ ಅವರು ಕೊಟ್ಟ ಉಪಾಯ ಇದು: 'ಕಣ್ಣು ಮುಚ್ಚಿಕೊಳ್ಳಿ. ನಿಧಾನಕ್ಕೆ ಉಸಿರಾಡುತ್ತಾ ನನ್ನ ದನಿ ಕೇಳಿಸಿಕೊಳ್ಳಿ.'

ಮುಚ್ಚಿದೆ. ಹೇಳಿದ ಮಾತು ಕೇಳುವವಳಲ್ಲವೇ ನಾನು. ಕಣ್ಣು ಮುಚ್ಚಿದರೆ ನನಗೆ ಏನೂ ಉಳಿಯುವುದಿಲ್ಲ, ಕಾಲಡಿಯ ನೆಲ ಒಂದನ್ನು ಬಿಟ್ಟು. ಕೆಳಗೆ ರಸ್ತೆಯಲ್ಲಿ ಲಾರಿ ಹೋಗಿರಬೇಕು, ನೆಲ ಅದುರಿತು. ರೋಲರ್ ಹತ್ತಿರ ನಿಂತಾಗ ನೆಲ ಹಾಗೇ ಅದುರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಸ್ನಾನದ ಮನೆಗೆ ಓಡಿದೆ. ಆ ದಿನ ಮತ್ತೆ ಅದನ್ನು ತೆರೆಯಲಿಲ್ಲ.

ಬೆರಳಿಗೆ ಸ್ವಲ್ಪ ಗಾಯ. ವಾಸಿಯಾಗುತ್ತಿದೆ.

ಅಕ್ಕ


ಹಡಗು,
ಮೇ 4

ಅಕ್ಕ,

ನಾಯಿಯ ಕಥೆ ಓದಿ ಊಟದ ಮೇಜಿನಲ್ಲಿ ಒಬ್ಬನೇ ನಕ್ಕೆ. ಪಕ್ಕದವರು ಕೇಳಿದಾಗ ಹೇಳಿದೆ, ಅವರೂ ನಕ್ಕರು. ಆದರೆ ಇಂಥವನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡು ಕೈಬಿಡುವುದು ಬೇಡ. ನೀನು ಸಣ್ಣವಳಿದ್ದಾಗಿನಿಂದ ಹೀಗೇ, ಒಂದು ಬಾಗಿಲು ತೆರೆಯದಿದ್ದರೆ ಊರೇ ಬೀಗ ಹಾಕಿದೆ ಅನ್ನುತ್ತೀಯ.

ತಡೆಪಟ್ಟಿಯ ವಿಷಯ ನನಗೆ ಗೊತ್ತಿರಲಿಲ್ಲ. ಮೇಲ್ವಿಚಾರಕರಿಗೆ ಫೋನ್ ಮಾಡಿ ಕೇಳುತ್ತೇನೆ.

ನಿನ್ನ ಕಿವುಡರ ಸಂಘದಲ್ಲಿ ದುಭಾಷಿ ಇದ್ದಾರಲ್ಲ, ಕಾರ್ಯದರ್ಶಿಯ ಹೆಂಡತಿ? ಅವರನ್ನು ಪಕ್ಕದಲ್ಲಿ ಕೂರಿಸಿಕೋ. ನೀನು ಕೈಯಲ್ಲಿ ಹೇಳು, ಅವರು ಬಾಯಲ್ಲಿ ಹೇಳುತ್ತಾರೆ. ಅದೂ ಬೇಡವೆಂದರೆ ನಾನೇ ಇದ್ದೀನಲ್ಲ! ಹಡಗು ಬಂದರಿಗೆ ಬಂದಾಗಲೆಲ್ಲ ಕೌನ್ಸೆಲರ್ ಸೇರಿ ಮೂವರೂ ಒಟ್ಟಿಗೆ ಕೂರೋಣ. ನೀನು ಕೈ ಎತ್ತಿದರೆ ಸಾಕು, ಮಿಕ್ಕಿದ್ದು ನನಗೆ ಗೊತ್ತಾಗುತ್ತದೆ. ನಾಲ್ಕು ವರ್ಷದವನಿದ್ದಾಗಿನಿಂದ ಮಾಡಿದ ಕೆಲಸ. ಅದಕ್ಕೇ ತಾನೆ ಅಮ್ಮ ನನಗೆ ಗಿಣಿ ಅಂತ ಹೆಸರಿಟ್ಟದ್ದು.

ಯಾವ ದಿನ ಎಂದು ಬರಿ. ಕ್ಯಾಮೆರಾ ರಿಪೇರಿ ಮಾಡಿಸು.

ತಮ್ಮ


ಮನೆ,
ಜೂನ್ 1

ಗಿಣಿ,

ಬೇಡ.

ಇಷ್ಟನ್ನೇ ಬರೆದು ಕಳಿಸೋಣ ಎಂದಿದ್ದೆ. ಆದರೆ ನೀನು ಅದಕ್ಕೂ ನಿನಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತೀಯ.

ಕಾರ್ಯದರ್ಶಿಯ ಹೆಂಡತಿ ಒಳ್ಳೆಯವರು. ಆದರೆ ಸಂಘ ಎಂದರೆ ನಾವು ಅರವತ್ತು ಜನ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಎಲ್ಲರಿಗೂ ಗೊತ್ತು. ಅವರು ಯಾರಿಗೂ ಹೇಳಲಿಕ್ಕಿಲ್ಲ. ಆದರೆ ಅವರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಿರುತ್ತದಲ್ಲ. ಅವರ ಮುಂದೆ ಕೂತು ಆಮೇಲೆ ಭಾನುವಾರ ಅವರ ಜೊತೆ ಕೇರಂ ಆಡುವುದು ಹೇಗೆ?

ಇನ್ನು ನೀನು. ನಾನು ಶಾಲೆಯಲ್ಲಿದ್ದಾಗ, ಹಾಸ್ಟೆಲ್ಲಿನಲ್ಲಿ ಬದುಕಲಾರೆ, ಮನೆಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಗೋಡೆ ಹಾರುತ್ತೇನೆ ಎಂದು ಅಮ್ಮನಿಗೆ ಹೇಳಲು ನಿನಗೆ ಹೇಳಿದೆ. ನೀನು ಅಮ್ಮನ ಕಡೆ ತಿರುಗಿ ಏನೋ ಹೇಳಿದೆ. ನಾನು ನಿನ್ನ ತುಟಿಯನ್ನೇ ನೋಡುತ್ತಿದ್ದೆ. "ಅಲ್ಲಿ ಊಟ ಚೆನ್ನಾಗಿಲ್ವಂತಮ್ಮ" ಎಂದೆ ನೀನು. ಅಮ್ಮ ಒಂದು ಡಬ್ಬಿ ಬಿಸ್ಕತ್ತು ಕಟ್ಟಿಕೊಟ್ಟಳು. ನೀನು ಆಗ ಆರು ವರ್ಷದ ಹುಡುಗ. ನಿನ್ನ ತಪ್ಪಲ್ಲ. ಅಮ್ಮ ಅಳಬಾರದು, ನಾನೂ ಅಳಬಾರದು ಎಂದು ನೀನು ಇಬ್ಬರ ಮಾತಿಗೂ ಸಕ್ಕರೆ ಹಾಕುತ್ತಿದ್ದೆ. ಅಮ್ಮ ನನ್ನನ್ನು ಒಳ್ಳೆಯ ಹುಡುಗಿ ಅಂದುಕೊಂಡೇ ಹೋದಳು. ಅವಳು ಕೈಮಾತು ಕಲಿಯಲೇ ಇಲ್ಲ. ನೀನಿದ್ದೆಯಲ್ಲ, ಕಲಿಯುವ ಅಗತ್ಯ ಬೀಳಲಿಲ್ಲ.

ಈಗ ನಾನು ಹೇಳಬೇಕಾದದ್ದು ಒಳ್ಳೆಯ ಹುಡುಗಿಯ ಮಾತಲ್ಲ. ಅದು ನಿನ್ನ ಬಾಯಿಂದ ಹೋಗುವುದು ಬೇಡ. ನೀನು ಅದನ್ನು ಹೊತ್ತುಕೊಂಡು ಮತ್ತೆ ಹಡಗು ಹತ್ತುವುದೂ ಬೇಡ.

ಲಾಂಡ್ರಿಗೆ ಫೋನ್ ಮಾಡಬೇಡ. ನಡೆದದ್ದನ್ನು ನಾನೇ ಬರೆದು ಕೊಟ್ಟಿದ್ದೇನೆ.

ಅಕ್ಕ


ಹಡಗು,
ಜುಲೈ 15

ಅಕ್ಕ,

ಕಾಗದ ತಲುಪಿತು. ನೀನು ಹೇಳಿದ ಹಾಗೆ ಆಗಲಿ.

ಇಲ್ಲಿ ಕೆಲಸ ಬಹಳ. ಎರಡನೇ ಜನರೇಟರ್ ಬಿಚ್ಚಿಹಾಕಿದ್ದೇವೆ. ಹವೆ ಚೆನ್ನಾಗಿದೆ.

ಆರೋಗ್ಯ ನೋಡಿಕೋ.

ತಮ್ಮ


ಮನೆ,
ಆಗಸ್ಟ್ 8

ಗಿಣಿ,

ನಿನ್ನ ಕಾಗದ ಬ್ಯಾಂಕಿನವರು ಬರೆದ ಹಾಗಿತ್ತು. ನೋವಾಗಿದೆ ಎಂದು ಗೊತ್ತಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಮಾತು ನನ್ನ ಕಾಗದದಲ್ಲಿ ಇರಲಿಲ್ಲ. ಅದಕ್ಕೇ ಮುಂದಿನದನ್ನು ಬರೆಯುತ್ತೇನೆ.

ಒಬ್ಬರು ಸಿಕ್ಕಿದ್ದಾರೆ.

ನಾನು ಹುಡುಕುವ ರೀತಿ ಬದಲಾಯಿಸಿದೆ. ಮೊದಲು, ನನ್ನನ್ನು ನೋಡುತ್ತೀರಾ ಎಂದು ಕೇಳುತ್ತಿದ್ದೆ. ಯಾರು ಬೇಡ ಅನ್ನುತ್ತಾರೆ? ಎಲ್ಲರೂ ಹೂಂ ಅಂದರು. ಆಮೇಲೆ, ಕಿವುಡರ ಜೊತೆ ಕೂತಿದ್ದೀರಾ, ಯಾವ ಭಾಷೆಯಲ್ಲಿ, ನಡೆದದ್ದನ್ನು ನಾನು ಹೇಳುವುದಿಲ್ಲ ಎಂದು ಹಟ ಹಿಡಿದರೆ ಏನು ಮಾಡುತ್ತೀರಿ ಎಂದು ಬರೆದು ಕೇಳತೊಡಗಿದೆ. ಕೆಲವರು ಉತ್ತರಿಸಲೇ ಇಲ್ಲ. ಒಬ್ಬರು, ನಿಮ್ಮಂಥವರು ದೇವರ ಮಕ್ಕಳು ಎಂದರು. ಇನ್ನೊಬ್ಬರು ಕಿವಿಯ ಯಂತ್ರ ಹಾಕಿಸಿಕೊಂಡು ಬನ್ನಿ ಎಂದರು. ಇವರು ಬರೆದದ್ದು ಹೀಗೆ: 'ಕೂತಿದ್ದೇನೆ. ನನ್ನ ಸನ್ನೆ ಭಾಷೆ ತರಗತಿಯಲ್ಲಿ ಕಲಿತದ್ದು, ತಪ್ಪಾಗುತ್ತದೆ, ತಿದ್ದಬೇಕು. ನೀವು ಹೇಳದಿದ್ದರೆ ಬೇರೆ ಮಾತಾಡೋಣ. ಅದನ್ನು ಹೇಳಲೇಬೇಕು ಎಂದೇನೂ ಇಲ್ಲ.'

ಬೇರೆ ಊರಿನವರು. ನನ್ನನ್ನು ಬಲ್ಲವರನ್ನು ಅವರು ಬಲ್ಲವರಲ್ಲ.

ಮೊದಲ ಸಲ ವಿಡಿಯೊದಲ್ಲಿ ಕೂತಾಗ ಅವರು ಕೇಳಿದ್ದು, ನಾನು ಕೂತ ಜಾಗದಿಂದ ಬಾಗಿಲು ಕಾಣುತ್ತದೆಯೇ ಎಂದು. ಕಾಣುತ್ತಿರಲಿಲ್ಲ. ಮೇಜನ್ನೇ ಎಳೆದು ತಿರುಗಿಸಿದೆ, ಅವರು ಕಾದರು. ಸಾಕು ಅನ್ನಿಸಿದರೆ ಹೇಗೆ ಹೇಳುತ್ತೀರಿ ಎಂದರು. ನಿಲ್ಲಿಸು ಎನ್ನಲು ಎಡಗೈ ಮೇಲೆ ಬಲಗೈಯನ್ನು ಕತ್ತಿಯ ಹಾಗೆ ಇಳಿಸುತ್ತೇವಲ್ಲ, ಅದನ್ನು ಮಾಡಲು ಹೋದೆ. ನನ್ನ ಕೈಯಲ್ಲಿ ಅದು ಆಗುವುದಿಲ್ಲ.

ಇದನ್ನು ನಿನಗೆ ಹೇಳಿಲ್ಲ. ಬಲಗೈಯ ತೋರುಬೆರಳೂ ನಡುಬೆರಳೂ ಇಲ್ಲ. ಉಂಗುರದ ಬೆರಳು ಮಡಚುವುದಿಲ್ಲ. ಅಂಗೈ ಸುಟ್ಟು ಚರ್ಮ ಬಿಗಿದಿದೆ. ಕ್ಯಾಮೆರಾ ಕೆಟ್ಟಿಲ್ಲ.

ನೀನು ಕಾಲು ಮುರಿದುಕೊಂಡಿದ್ದರೆ ಕುಂಟುತ್ತಾ ಬಂದು ಮಾತಾಡುತ್ತಿದ್ದೆ. ನನಗೆ ಮಾತೇ ಕುಂಟಿದೆ. ಅರ್ಧ ಪದಗಳು ನಾನು ಹೇಳಿದ ಹಾಗೆ ಬರುವುದಿಲ್ಲ. ಸಂಘಕ್ಕೆ ಹೋಗದೇ ಇದ್ದದ್ದೂ ಇದಕ್ಕೆ. ನನ್ನ ಕೈಯನ್ನು ನೋಡಿ ನೀನು ಮುಖ ಸರಿಮಾಡಿಕೊಳ್ಳುವುದನ್ನು ನೋಡುವುದು ನನಗೆ ಬೇಡವಾಗಿತ್ತು.

ಈ ಕೌನ್ಸೆಲರ್ ಮುಖ ಸರಿಮಾಡಿಕೊಳ್ಳಲಿಲ್ಲ. ಅರ್ಥವಾಗದಿದ್ದಾಗ "ಇನ್ನೊಮ್ಮೆ" ಎನ್ನುತ್ತಾರೆ, ನಾನು ಇನ್ನೊಮ್ಮೆ ಹೇಳುತ್ತೇನೆ. ನಿಲ್ಲಿಸು ಎನ್ನಲು ನಾವೇ ಬೇರೆ ಸನ್ನೆ ಮಾಡಿಕೊಂಡೆವು, ಕುತ್ತಿಗೆ ಪಟ್ಟಿ ಮುಟ್ಟುವುದು. ಅವರೂ ತಪ್ಪು ಮಾಡುತ್ತಾರೆ. ನಿಮಗೆ ಸಿಟ್ಟು ಬಂದಿರಬೇಕು ಎನ್ನಲು ಹೋಗಿ, ನಿಮಗೆ ಹಸಿವಾಗಿರಬೇಕು ಎಂದರು. ಹೌದು, ಬೆಳಗಿನಿಂದ ತಿಂದಿಲ್ಲ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಸಿಟ್ಟಿನ ವಿಷಯವನ್ನೂ ಮಾತಾಡಿದೆವು.

ರೋಲರ್ ವಿಷಯಕ್ಕೆ ಇನ್ನೂ ಬಂದಿಲ್ಲ. ಅವರೂ ಅವಸರ ಮಾಡಿಲ್ಲ.

ನಾವು ಏನು ಮಾತಾಡುತ್ತೇವೆ ಎಂದು ಇನ್ನು ಮುಂದೆ ಬರೆಯುವುದಿಲ್ಲ. ಬುಧವಾರ ಸಂಜೆ ಕೂರುತ್ತೇವೆ ಎಂಬುದು ಗೊತ್ತಿದ್ದರೆ ಸಾಕು.

ಅಕ್ಕ


ಹಡಗು,
ಆಗಸ್ಟ್ 31

ಅಕ್ಕ,

ಓದಿದೆ. ಉತ್ತರ ಬರೆಯಲು ಕೂತೆ. ಎರಡು ಹಾಳೆ ಹರಿದು ಹಾಕಿದೆ. ಮೊದಲನೆಯದರಲ್ಲಿ ಬರೀ ಸಮಾಧಾನದ ಮಾತಿತ್ತು. ಎರಡನೆಯದರಲ್ಲೂ ಅದೇ ಇತ್ತು.

ಸೆಪ್ಟೆಂಬರ್ ಕೊನೆಗೆ ರಜೆ ಕೊಟ್ಟಿದ್ದಾರೆ. ಬರಲಾ? ಬೇಡವೆಂದರೆ ಬೇಡ.

ತಮ್ಮ


ಮನೆ,
ಸೆಪ್ಟೆಂಬರ್ 14

ಗಿಣಿ,

ಬಾ. ಹಿಂದಿನಿಂದ ಬಂದು ಮುಟ್ಟಬೇಡ, ಅಷ್ಟೇ.

ಅಕ್ಕ


ಹಡಗು,
ನವೆಂಬರ್ 3

ಅಕ್ಕ,

ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಸ್ವೆಟರ್ ಅಡುಗೆಯವನಿಗೆ ಸರಿಯಾಯಿತು, ನನಗೆ ಬಿಗಿ.

ಎದುರೆದುರು ಇದ್ದಾಗ ಹೇಳದ ಒಂದೆರಡು ಮಾತು ಇವೆ. ನೀನು ಬಾಯಿ ಹಾಕಬಾರದು ಎಂದು ನಾನೂ ಕಾಗದವನ್ನೇ ಹಿಡಿದಿದ್ದೇನೆ.

ಮೊದಲ ದಿನ ಊಟಕ್ಕೆ ಕೂತಾಗ ನೀನು ಏನೋ ಹೇಳುತ್ತಿದ್ದೆ. ಕೈ ನಿಧಾನವಾಗಿತ್ತು. ನೀನು ಮುಗಿಸುವ ಮೊದಲೇ ನಾನು ಪದ ಹಿಡಿದುಕೊಟ್ಟೆ. ಮತ್ತೊಂದು ಹಿಡಿದುಕೊಟ್ಟೆ. ನೀನು ಕೈ ಎರಡನ್ನೂ ಮೇಜಿನ ಮೇಲೆ ಇಟ್ಟು ನನ್ನನ್ನೇ ನೋಡಿದೆ. ಅನ್ನ ತಣ್ಣಗಾಯಿತು. ನಾನು ಹಿಡಿದುಕೊಟ್ಟ ಪದ ಎರಡೂ ತಪ್ಪು ಎಂದು ಆಮೇಲೆ ತಿಳಿಯಿತು. ಮೂರನೇ ದಿನದ ಹೊತ್ತಿಗೆ ಕಾಯುವುದನ್ನು ಕಲಿತೆ. ನಾನು ನಿನ್ನ ಮಾತು ಪೂರ್ತಿ ನೋಡುತ್ತಿರುವುದು ಇದೇ ಮೊದಲೇನೋ.

ಬುಧವಾರ ನೀನು ಹೊರಗೆ ಹೋಗು ಎಂದೆ. ಎದುರು ಬದಿಯ ಚಪ್ಪಲಿ ಅಂಗಡಿಯ ಮುಂದೆ ನಿಂತಿದ್ದೆ. ಕತ್ತಲಾಗಿತ್ತು. ನಿನ್ನ ಕಿಟಕಿಯ ಪರದೆ ತೆಳು. ಕೈ ಚೆನ್ನಾಗಿ ಕಾಣಲೆಂದು ನೀನು ಮೇಜಿನ ದೀಪ ಹಾಕಿಕೊಂಡಿದ್ದೆ. ಪರದೆಯ ಮೇಲೆ ನಿನ್ನ ಕೈಗಳ ನೆರಳು ಬಿತ್ತು. ಆಳೆತ್ತರದ ಕೈಗಳು. ರಸ್ತೆಯಲ್ಲಿ ಹೋಗುವವರಿಗೆ ಅದು ಯಾರೋ ನೊಣ ಓಡಿಸಿದ ಹಾಗೆ. ಓದಲು ಬರುವವನು ಆ ಬೀದಿಯಲ್ಲಿ ನಾನೊಬ್ಬನೇ.

ಒಂದು ವಾಕ್ಯ ಓದಿಬಿಟ್ಟೆ. ಬೇಕೆಂದು ಅಲ್ಲ. ಕಣ್ಣಿಗೆ ರೆಪ್ಪೆ ಇದ್ದರೂ ಅದು ಸಮಯಕ್ಕೆ ಮುಚ್ಚಬೇಕಲ್ಲ. ಅದರಲ್ಲಿ ನಾನಿದ್ದೆ. ಯಾವ ವಾಕ್ಯ ಎಂದು ಹೇಳುವುದಿಲ್ಲ, ಅದು ನನಗೆ ಹೇಳಿದ್ದಲ್ಲ. ಅಂಗಡಿಯ ಕಡೆ ತಿರುಗಿ ನಿಂತೆ. ಗಾಜಿನಲ್ಲಿಟ್ಟ ಚಪ್ಪಲಿಗಳನ್ನೇ ನೋಡಿದೆ. ಅಂಗಡಿಯವನು ಹೊರಗೆ ಬಂದು "ಏನ್ ಸೈಜ್ ಬೇಕು?" ಎಂದ. ಸುಮ್ಮನೆ ನಿಂತಿದ್ದೇನೆ ಎಂದರೆ ಅವನಿಗೆ ಹಿಡಿಸಲಿಲ್ಲ. ಅದಕ್ಕೇ ನಾನು ಆ ದಿನ ಬೇಡದ ಒಂದು ಜೊತೆ ಹಿಡಿದುಕೊಂಡು ಬಂದದ್ದು. ನೀನು ಅಗ್ಗಕ್ಕೆ ಸಿಕ್ಕಿತಾ ಎಂದು ಕೇಳಿದೆ, ಹೂಂ ಎಂದೆ.

ಆಮೇಲೆ ಹಡಗಿನಲ್ಲಿ ಒಂದು ಯೋಚನೆ ಬಂತು. ಅಮ್ಮನ ಕಾಯಿಲೆ ಏನು ಎಂದು ವೈದ್ಯರು ಇಂಗ್ಲಿಷಿನಲ್ಲಿ ಹೇಳಿದಾಗ ಅಮ್ಮ ನನ್ನ ಕಡೆ ನೋಡಿದಳು, ನೀನೂ ನನ್ನ ಕಡೆ ನೋಡಿದೆ. ಅದನ್ನು ನಿಮ್ಮಿಬ್ಬರಿಗೂ ಮೆಲ್ಲಗೆ ತಿಳಿಸಿ ಹೇಳಿದವನು ನಾನು. ನನಗೆ ಹಾಗೆ ಯಾರು ಹೇಳಿದರು ಎಂದು ಈಗ ನೆನಪು ಮಾಡಿಕೊಂಡರೆ ಯಾರೂ ಇಲ್ಲ.

ನಿನ್ನ ಆ ಕೌನ್ಸೆಲರ್, ಕಿವಿ ಬಾಯಿ ಸರಿಯಿರುವವರನ್ನೂ ನೋಡುತ್ತಾರಾ? ಸುಮ್ಮನೆ ಕೇಳಿದೆ.

ತಮ್ಮ


ಮನೆ,
ನವೆಂಬರ್ 24

ಗಿಣಿ,

ನೋಡುತ್ತಾರಂತೆ. ಆದರೆ ಅಕ್ಕತಮ್ಮ ಇಬ್ಬರನ್ನೂ ಒಬ್ಬರೇ ನೋಡುವುದು ಸರಿಯಲ್ಲವಂತೆ. ಬೇರೊಬ್ಬರ ವಿಳಾಸ ಕೊಟ್ಟಿದ್ದಾರೆ, ಈ ಹಾಳೆಯ ಹಿಂದೆ ಬರೆದಿದ್ದೇನೆ. ಎಡಗೈಯಲ್ಲಿ ಬರೆದದ್ದು, ಓದಲು ಬಂದರೆ ನಿನ್ನ ಪುಣ್ಯ. ದೊಡ್ಡವರ ಸಲುವಾಗಿ ಚಿಕ್ಕಂದಿನಲ್ಲಿ ಮಾತು ಹೊತ್ತವರನ್ನು ಅವರು ನೋಡಿದ್ದಾರಂತೆ. ನಿನ್ನಂಥವರು ಬಹಳ ಜನ ಇದ್ದಾರೆ ಎಂದು ನನಗೂ ಗೊತ್ತಿರಲಿಲ್ಲ. ಮೊದಲ ದಿನ ಏನು ಹೇಳಲಿ ಎಂದು ನನ್ನನ್ನು ಕೇಳಬೇಡ. ನಿನ್ನ ಪರವಾಗಿ ನಾನು ಮಾತಾಡುವುದಿಲ್ಲ.

ಲಾಂಡ್ರಿಗೆ ಹೋಗುತ್ತಿದ್ದೇನೆ, ಅರ್ಧ ದಿನ, ಮಡಿಸುವ ವಿಭಾಗಕ್ಕೆ. ರೋಲರ್ ಇರುವ ಕೋಣೆಗೆ ಹೋಗಿಲ್ಲ. ಮೊದಲ ದಿನ ಹೋದಾಗ ನನ್ನ ಮೇಜು ಗೋಡೆಗೆ ಬೆನ್ನು ಬರುವ ಹಾಗೆ ತಿರುಗಿತ್ತು. ಯಾರು ತಿರುಗಿಸಿದರು ಎಂದು ಕೇಳಿದರೆ ಯಾರೂ ಒಪ್ಪಲಿಲ್ಲ. ತಡೆಪಟ್ಟಿ ಬಿಚ್ಚಿ ಕೆಳಗಿಳಿಸಿದ್ದಾರಂತೆ. ಅಪಘಾತದ ವರದಿಯಲ್ಲಿ 'ಕೂಗಿದ್ದು ಕೇಳಿಸಲಿಲ್ಲ' ಎಂಬ ಮಾತು ಇನ್ನೂ ಹಾಗೇ ಇದೆ. ಮತ್ತೆ ಬರೆದುಕೊಟ್ಟಿದ್ದೇನೆ.

ನೀನು ಓದಿದ ವಾಕ್ಯ ಯಾವುದು ಎಂದು ಮೂರು ದಿನ ಯೋಚಿಸಿದೆ. ಆ ದಿನ ನಿನ್ನ ಬಗ್ಗೆ ಬಹಳ ಹೇಳಿದ್ದೆ. ಕೆಲವು ಒಳ್ಳೆಯವು, ಕೆಲವು ಅಲ್ಲ. ಯಾವುದಾದರೂ ಸರಿ, ಸಕ್ಕರೆ ಹಾಕಿರಲಿಲ್ಲ.

ಪರದೆ ಬದಲಾಯಿಸಿದ್ದೇನೆ. ದಪ್ಪದ್ದು, ಕಡುನೀಲಿ. ದೀಪ ಉರಿಯಲು ಬಿಟ್ಟು, ರಸ್ತೆಗಿಳಿದು ಚಪ್ಪಲಿ ಅಂಗಡಿಯ ಮುಂದೆ ನಿಂತು ನೋಡಿದೆ. ಏನೂ ಕಾಣುವುದಿಲ್ಲ.

ಅಕ್ಕ